ನಾಲ್ಕು ಚೀಲದ ಸಂಸಾರ

ಜನವರಿ 9

ಮೈದುನ ಮಹಾಶಯನಿಗೆ,

ಭಾವನ ಆಶೀರ್ವಾದಗಳು. ಫೋನಿನಲ್ಲಿ ನನಗೆ ನಿನ್ನ ಮಾತು ಕೇಳುವುದಿಲ್ಲ, ನಿನಗೆ ನನ್ನ ಕೂಗು ಕೇಳಿ ಕಿವಿ ಉಳಿಯುವುದಿಲ್ಲ. ಅದಕ್ಕೇ ಈ ಕಾಗದ. ಇದರ ಸುದ್ದಿ ನಿನ್ನ ಅಕ್ಕನ ಕಿವಿಗೆ ಬೀಳಕೂಡದು. ಬಿದ್ದರೆ ಮುಂದೆ ನಾನು ಹೊಲಿದುಕೊಡುವ ಪ್ಯಾಂಟಿನಲ್ಲಿ ನಿನ್ನ ಒಂದು ಕಾಲು ಗಿಡ್ಡವಾಗುತ್ತದೆ.

ದೂರದಲ್ಲಿ ಕೂತ ನಿನಗೆ ‘ಡಯಾಲಿಸಿಸ್’ ಎನ್ನುವುದು ಒಂದು ಪದ. ಇಲ್ಲಿ ನಮಗೆ ಅದು ದಿನಕ್ಕೆ ನಾಲ್ಕು ಚೀಲ. ನನ್ನ ಎರಡೂ ಕಿಡ್ನಿಗಳು ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ಹೊಕ್ಕುಳ ಪಕ್ಕ ಒಂದು ಮೆತ್ತನೆಯ ನಳಿಕೆ ಇದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಅದಕ್ಕೆ ಚೀಲ ಜೋಡಿಸಬೇಕು. ಹೊಟ್ಟೆಯಲ್ಲಿ ಕೂತು ಮೈಯ ಕಸವನ್ನೆಲ್ಲ ಹೀರಿಕೊಂಡ ಹಳೆಯ ನೀರನ್ನು ಬಸಿಯಬೇಕು, ಹೊಸ ನೀರು ಇಳಿಸಬೇಕು, ಚೀಲ ಬಿಡಿಸಿ ನಳಿಕೆಯ ಬಾಯಿಗೆ ಹೊಸ ಮುಚ್ಚಳ ಹಾಕಬೇಕು. ಮೂರು ಚೀಲ ನಿನ್ನ ಅಕ್ಕನದು. ಮಧ್ಯಾಹ್ನದ್ದನ್ನು ನಾನೇ ನಮ್ಮ ಟೈಲರ್ ಅಂಗಡಿಯ ಟ್ರಯಲ್ ರೂಮಿನಲ್ಲಿ ಪರದೆ ಎಳೆದುಕೊಂಡು ಹಾಕಿಕೊಳ್ಳುತ್ತೇನೆ. ಗಿರಾಕಿ ಬಂದು “ಒಳಗೇನ್ ಮಾಡ್ತಿದೀರಿ ಮಾಸ್ಟ್ರೇ?” ಎಂದರೆ “ಹೊಟ್ಟೆ ಆಲ್ಟರ್ ಮಾಡ್ತಿದೀನಿ, ಕೂತ್ಕೊಳಿ” ಅನ್ನುತ್ತೇನೆ.

ನವೆಂಬರಿನಲ್ಲೊಮ್ಮೆ, ಈಗ ವರ್ಷದ ಮೊದಲ ವಾರದಲ್ಲೊಮ್ಮೆ, ಬಸಿದ ನೀರು ಸೋಪಿನ ನೀರಿನಂತೆ ಮಬ್ಬಾಗಿ ಬಂತು. ಹೊಟ್ಟೆಯೊಳಗೆ ಸೋಂಕು. ಆ ನೋವನ್ನು ವರ್ಣಿಸುವುದಿಲ್ಲ, ಕಾದ ಇಸ್ತ್ರಿಪೆಟ್ಟಿಗೆಯನ್ನು ಒಳಮೈಗೆ ಇಟ್ಟಂತೆ ಎಂದರೆ ಸಾಕು. ಡಾಕ್ಟರು ಹೇಳಿಬಿಟ್ಟರು: “ಮೂರನೇ ಸಲ ಬಂದ್ರೆ ನಳಿಕೆ ತೆಗೀಲೇಬೇಕು. ಆಮೇಲೆ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದು ಮೆಷಿನ್ನಲ್ಲಿ ರಕ್ತ ಶುದ್ಧ ಮಾಡಿಸ್ಕೋಬೇಕು.” ಎರಡು ಬಸ್ಸು ಬದಲಿಸಿ ಹೋಗಬೇಕು. ನಾನು ಹೋದರೆ ನಿನ್ನ ಅಕ್ಕನೂ ಹೊರಡುತ್ತಾಳೆ. ಮಂಡಿ ಹಿಡಿದುಕೊಂಡು.

ಇನ್ನೊಂದು. ನರ್ಸಮ್ಮ ಲ್ಯಾಬಿನ ವರದಿ ನೋಡಿ, “ಇದು ಬಾಯಲ್ಲಿರೋ ಕ್ರಿಮಿ. ಚೀಲ ಜೋಡಿಸುವಾಗ ಯಾರಾದ್ರೂ ಮಾತಾಡ್ತೀರಾ?” ಅಂದಳು. ನಿನ್ನ ಅಕ್ಕನಿಗೆ ಕೆಲಸ ಮಾಡುವಾಗ ಗುನುಗುವ ಅಭ್ಯಾಸ, ಮಾಸ್ಕಿನೊಳಗೂ ಬಿಡುವುದಿಲ್ಲ, ನಿನಗೇ ಗೊತ್ತು. ಎಲ್ಲರೂ ಅವಳ ಕಡೆ ನೋಡಿದರು. ನಾನೂ ನೋಡಿದೆ.

ಕ್ಲಿನಿಕ್ಕಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಬ್ಯಾಂಡಿನವನ ಬಗ್ಗೆ ಹಿಂದೆ ಬರೆದಿದ್ದೆನಲ್ಲ, ಟ್ರಂಪೆಟ್ ಊದುತ್ತಿದ್ದವನು? ನಾಲ್ಕನೆಯ ಮಹಡಿಯಲ್ಲಿ ಒಬ್ಬನೇ ಇದ್ದ. ತಿಂಗಳ ಚೀಲದ ಪೆಟ್ಟಿಗೆಗಳನ್ನು ಲಾರಿಯವರು ಕೆಳಗೇ ಇಳಿಸಿ ಹೋಗುತ್ತಿದ್ದರು. ಒಂದು ದಿನ ಅವುಗಳನ್ನು ನೋಡಿ, ಮೆಟ್ಟಿಲು ನೋಡಿ, ನಿಲ್ಲಿಸಿಬಿಟ್ಟ. ಮಲಗಿದ, ಹೋದ. ಎಷ್ಟು ಹಗುರ!

ನಾನೂ ನಿಲ್ಲಿಸಬೇಕೆಂದಿದ್ದೇನೆ. ಚೀಲವೂ ಬೇಡ, ಮೆಷಿನ್ನೂ ಬೇಡ. ನೀನು ಕೋರ್ಟಿನಲ್ಲಿ ಗುಮಾಸ್ತನಾಗಿ ಕೂದಲು ಬೆಳ್ಳಗೆ ಮಾಡಿಕೊಂಡವನು. ‘ನನ್ನ ಸ್ವಂತ ಇಚ್ಛೆಯಿಂದ ನಿಲ್ಲಿಸುತ್ತಿದ್ದೇನೆ, ಇದಕ್ಕೆ ಯಾರೂ ಹೊಣೆಯಲ್ಲ’ ಎಂದು ಗಟ್ಟಿಯಾದ ಭಾಷೆಯಲ್ಲಿ ಒಂದು ಹೇಳಿಕೆ ಬರೆದು ಕಳಿಸು. ನಾಳೆ ಯಾರೂ ನಿನ್ನ ಅಕ್ಕನತ್ತ ಬೆರಳು ತೋರಿಸಬಾರದು. ಸಹಿ ನಾನು ಹಾಕುತ್ತೇನೆ.

ಇತಿ,
ನಿನ್ನ ಭಾವ

ಊಟ ರುಚಿಸುತ್ತಿಲ್ಲ. ಮಧ್ಯಾಹ್ನವಾದರೆ ಬಾಯಿ ಕಹಿ ಕಹಿ. ನರ್ಸಮ್ಮ ಅದನ್ನೂ ಕಿಡ್ನಿಯ ಲೆಕ್ಕಕ್ಕೇ ಹಾಕಿದ್ದಾಳೆ.

*

ಜನವರಿ 17

ಅರ್ಜಿದಾರ ಭಾವನವರ ಸನ್ನಿಧಾನಕ್ಕೆ,

ನಿವೃತ್ತ ಗುಮಾಸ್ತನಾದ ನಾನು ಸಾಷ್ಟಾಂಗ ಎರಗಿ (ಸೊಂಟ ಹಿಡಿದಿರುವುದರಿಂದ ಅರ್ಧವೇ ಎರಗಿ) ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಅರ್ಜಿ ತಲುಪಿತು. ಓದಲಾಯಿತು. ಓದಿದವನಿಗೆ ಅಂದು ಚಹಾ ಇಳಿಯಲಿಲ್ಲ ಎಂಬುದನ್ನೂ ನಮೂದಿಸಲಾಗಿದೆ.

ಸದರಿ ಅರ್ಜಿಯ ಮೇಲೆ ತಕರಾರುಗಳಿವೆ. ‘ಯಾರೂ ಹೊಣೆಯಲ್ಲ’ ಎಂದು ಬರೆಯಬೇಕಂತೆ. ಇಂಥ ಕಾಗದಗಳನ್ನು ಕೋರ್ಟಿನಲ್ಲಿ ನಾನು ಬೇಕಾದಷ್ಟು ಕಟ್ಟು ಕಟ್ಟಿದ್ದೇನೆ ಭಾವ. ಅಂಥದ್ದನ್ನು ಬರೆದಿಟ್ಟವನ ಮನೆಯವರು ಸಾಕ್ಷಿ ಹೇಳಲು ಬಂದಾಗ ಅವರ ಮುಖವನ್ನೂ ನೋಡಿದ್ದೇನೆ. ಕಾಗದ ಅವರನ್ನು ಬಿಡುಗಡೆ ಮಾಡಿದ್ದನ್ನು ಒಮ್ಮೆಯೂ ಕಂಡಿಲ್ಲ.

ಇನ್ನು ಬ್ಯಾಂಡಿನವನು ಹಗುರವಾಗಿ ಹೋದನೆಂದು ಹೇಳಿಕೆ. ತಾವು ಕಣ್ಣಾರೆ ಕಂಡಿರಾ? ಬೆಂಚಿನ ಮೇಲೆ ಕೂತವರು ಆಡಿದ್ದನ್ನು ಕೇಳಿದಿರಾ? ಕೇಳಿದ್ದು ಸಾಕ್ಷ್ಯವಲ್ಲ, ಅದರಲ್ಲೂ ತಮ್ಮ ಕಿವಿಯಿಂದ ಕೇಳಿದ್ದು.

ಆದಕಾರಣ ಅರ್ಜಿಯನ್ನು ತಳ್ಳಿಹಾಕದೆ ವಾಯಿದೆ ಹಾಕಲಾಗಿದೆ. ವಾಯಿದೆಯನ್ನು ಹಗುರವಾಗಿ ಕಾಣಬೇಡಿ. ವಿಚ್ಛೇದನ ಕೇಳಿಕೊಂಡು ಬಂದ ಎಷ್ಟೋ ಗಂಡಹೆಂಡಿರು ವಾಯಿದೆಗೆ ಓಡಾಡಿ ಓಡಾಡಿ ಬೇಸತ್ತು, ಇದಕ್ಕಿಂತ ಸಂಸಾರವೇ ವಾಸಿ ಎಂದು ಒಂದೇ ರಿಕ್ಷಾದಲ್ಲಿ ವಾಪಸು ಹೋದದ್ದನ್ನು ನಾನು ಕಂಡಿದ್ದೇನೆ.

ಭಾವ, ಇಷ್ಟಕ್ಕೇ ಸಹಿ ಮಾಡಿ ಮುಗಿಸೋಣವೆಂದುಕೊಂಡೆ, ಆಗಲಿಲ್ಲ. ಒಂದು ಮಾತು ಕೇಳುತ್ತೇನೆ, ಬಯ್ಯಬೇಡಿ. ನಿಮಗೆ ಸಾಕಾಗಿರುವುದು ಚೀಲವೋ, ನೋವೋ, ಅಥವಾ ಅಕ್ಕ ಚೀಲ ಎತ್ತಿಕೊಂಡು ಬರುವುದನ್ನು ನೋಡುವುದೋ? ಚೀಲಕ್ಕೂ ನೋವಿಗೂ ಡಾಕ್ಟರಿದ್ದಾರೆ. ಇನ್ನೊಂದರ ಬಗ್ಗೆ ನೀವು ಅಕ್ಕನನ್ನೇ ಕೇಳಿದ್ದೀರಾ?

ಇಂತು ವಿಧೇಯ,
ಮೈದುನ

*

ಫೆಬ್ರುವರಿ 2

ತಮ್ಮಾ,

ನಿನ್ನ ಭಾವ ನಿನಗೆ ಕಾಗದ ಬರೆದಿದ್ದಾರೆ. ಅಂಚೆಗೆ ಹಾಕಲು ನನ್ನ ಕೈಗೆ ಕೊಡದೆ ತಾವೇ ಹೋದರು, ಒಂದು ಕಾಲಿಗೆ ತಮ್ಮ ಚಪ್ಪಲಿ, ಒಂದು ಕಾಲಿಗೆ ನನ್ನದು. ಏನು ಬರೆದರೆಂದು ಕೇಳುವುದಿಲ್ಲ. ಗುಟ್ಟು ಇಟ್ಟುಕೊಳ್ಳಲು ಅವರಿಗೂ ಒಂದು ಜಾಗ ಬೇಕಲ್ಲ. ಹೊಟ್ಟೆಯನ್ನಂತೂ ಎಲ್ಲರೂ ಇಣುಕಿ ನೋಡಿದ್ದಾಗಿದೆ.

ನಾನು ಗುನುಗುವುದನ್ನು ಬಿಟ್ಟಿದ್ದೇನೆ. ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿ, ಚೀಲ ಜೋಡಿಸಿ ಮುಗಿಯುವವರೆಗೆ ನಾಲಿಗೆ ಕಚ್ಚಿ ಹಿಡಿಯುತ್ತೇನೆ. ಕೈ ಎಷ್ಟು ತೊಳೆಯುತ್ತೇನೆಂದರೆ ಬೆರಳ ಸಂದಿಗಳು ಬಿರಿದಿವೆ, ಉಪ್ಪು ಮುಟ್ಟಿದರೆ ಉರಿ. ಬಸಿದ ಚೀಲವನ್ನು ಪೇಪರಿನ ಮೇಲಿಟ್ಟು ನೋಡಬೇಕು. ನೀರಿನಾಚೆ ಅಕ್ಷರ ಓದಲು ಬಂದರೆ ಸೋಂಕಿಲ್ಲ. ಈ ಎರಡು ವರ್ಷ ನಾನು ಪೇಪರು ಓದಿದ್ದೆಲ್ಲ ಅವರ ಹೊಟ್ಟೆಯ ನೀರಿನ ಮೂಲಕವೇ. ಪಕ್ಕದವರು “ನೀವು ಎಷ್ಟು ಓದ್ತೀರಿ!” ಅನ್ನುತ್ತಾರೆ.

ನಗು ಬರುತ್ತದೆ ನೋಡು, ಬರೆಯುವಾಗ. ಮನೆಯಲ್ಲಿ ಬರುವುದಿಲ್ಲ. ನಾವಿಬ್ಬರೂ ಮಾತು ಕಡಿಮೆ ಮಾಡಿದ್ದೇವೆ. ಅವರು ನನ್ನ ಕೈ ನೋಡಿ ಮುಖ ತಿರುಗಿಸುತ್ತಾರೆ. ನನ್ನಿಂದ ಸೋಂಕು ಬಂತೆಂದು ಕೋಪವೋ ಏನೋ. ಇದ್ದರೂ ತಪ್ಪಲ್ಲ. ನಾನೂ ಹಾಗೇ ಅಂದುಕೊಂಡಿದ್ದೇನೆ.

ಬ್ಯಾಂಡಿನವರು ತೀರಿಕೊಂಡದ್ದು ನಿನಗೆ ಗೊತ್ತಿರಬೇಕು. ಅದಕ್ಕೆ ಮುಂಚೆ ನಾನೊಮ್ಮೆ ಹೋಗಿ ನೋಡಿದ್ದೆ. ಇವರಿಗೆ ಹೇಳಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೊರಗಿ ಕೂತೇ ಇದ್ದರು. ಕಾಲು ಕಂಬದ ಹಾಗೆ ಊದಿತ್ತು. ಅಷ್ಟು ದೊಡ್ಡ ಟ್ರಂಪೆಟ್ ಊದಿದವರಿಗೆ ಒಂದು ಲೋಟದ ಚಹಾ ಆರಿಸಿಕೊಳ್ಳುವಷ್ಟು ಉಸಿರಿರಲಿಲ್ಲ. “ಪೆಟ್ಟಿಗೆ ಮೇಲೆ ಹತ್ತಿಸೋಕೆ ಯಾರಾದ್ರೂ ಇದ್ದಿದ್ರೆ ನಾನ್ಯಾಕ್ ನಿಲ್ಲಿಸ್ತಿದ್ದೆ ಅಮ್ಮಾ” ಅಂದರು. ನಾನು ನರ್ಸಮ್ಮನಿಗೆ ಹೇಳುವಷ್ಟರಲ್ಲಿ ಅವರು ಹೋಗಿಬಿಟ್ಟಿದ್ದರು. ಅವಳು, “ಕಾಯಿಲೆಗೆ ಸೋತವರಿಗಿಂತ ಇಂಥವರೇ ಜಾಸ್ತಿ ನಮ್ಮ ಕೈ ತಪ್ಪಿ ಹೋಗ್ತಾರೆ. ನಮ್ಗೆ ಹೇಳೋದೇ ಇಲ್ಲ” ಅಂದಳು.

ನೀನೊಮ್ಮೆ ಬಾ. ಬರಲು ಕಾರಣ ಬೇಕಾದರೆ ಪ್ಯಾಂಟು ಬಿಗಿಯಾಗಿದೆ ಅನ್ನು. ನಿನ್ನ ಸೊಂಟ ನೋಡಿದವರು ಯಾರೂ ಅನುಮಾನ ಪಡುವುದಿಲ್ಲ.

ನಿನ್ನ ಅಕ್ಕ

*

ಫೆಬ್ರುವರಿ 24

ಭಾವನವರಿಗೆ,

ನಿಮ್ಮಲ್ಲಿಂದ ವಾಪಸು ಹೊರಟ ನನ್ನನ್ನು ಬಸ್ಸು ಹತ್ತಿಸುವಾಗ ತಾವು ಬಟ್ಟೆಚೀಲವನ್ನು ಕಿಟಕಿಯಿಂದ ಒಳಗೆಸೆದ ರಭಸಕ್ಕೆ ಪಕ್ಕದ ಸೀಟಿನ ಮಹಿಳೆ, “ಮಗಳನ್ನ ಕೊಟ್ಟೋರಾ, ಸಾಲ ಕೊಟ್ಟೋರಾ?” ಎಂದು ಕೇಳಿದರು. “ಇಲ್ಲಮ್ಮಾ, ಅಕ್ಕನ್ನ ತಗೊಂಡೋರು” ಅಂದೆ.

ಕೋಪ ಇಳಿದಿದ್ದರೆ ಮುಂದೆ ಓದಿ. ಇಳಿಯದಿದ್ದರೆ ಸಂಜೆಯ ಚೀಲ ಹಾಕಿಸಿಕೊಂಡು ಓದಿ, ಆಗ ಓಡಲಾಗುವುದಿಲ್ಲ.

ಮೊನ್ನೆ ಮಧ್ಯಾಹ್ನ ನಾನು ಪರದೆ ಸರಿಸಿದ್ದು ಇಣುಕುವುದಕ್ಕಲ್ಲ. ಕೋಟಿನ ಗಿರಾಕಿ ಟೇಪು ಕೇಳಿದ. ಟ್ರಯಲ್ ರೂಮಿನ ಕನ್ನಡಿಯಲ್ಲಿ ತಾವು ಕಂಡಿರಿ. ಆಗಷ್ಟೇ ಕೈ ತೊಳೆದಿದ್ದಿರಿ, ಸರ್ಜನ್ನರು ನಾಚಬೇಕು ಹಾಗೆ. ಆದರೆ ಮಾಸ್ಕು ಗಲ್ಲದ ಕೆಳಗಿತ್ತು. ಎರಡೂ ಕೈಯಲ್ಲಿ ನಳಿಕೆ. ಹೊಸ ಮುಚ್ಚಳ ತುಟಿಗಳ ನಡುವೆ, ಎಡ ಮೂಲೆಯಲ್ಲಿ. ನಾನು ನಿಮ್ಮ ಮನೆಗೆ ಬರಲು ಶುರುಮಾಡಿದ ಕಾಲದಿಂದ ತಾವು ಗುಂಡುಸೂಜಿ ಇಟ್ಟುಕೊಳ್ಳುವ ಜಾಗದಲ್ಲೇ.

“ಭಾವಾ, ಬಾಯಿ!” ಎಂದು ಕಿರುಚಿದೆ.

“ಏನೋ ಬಾಯಿ? ನೀನ್ ಮುಚ್ಚು ಮೊದ್ಲು!” ಎಂದಿರಿ. ಅನ್ನುವಷ್ಟರಲ್ಲಿ ಮುಚ್ಚಳ ನೆಲಕ್ಕೆ ಬಿತ್ತು. ಬೇರೆ ಮುಚ್ಚಳ ಹಾಕಿಸಿ, ಕೂಡಲೇ ನರ್ಸಮ್ಮನಿಗೆ ಫೋನು ಮಾಡಿದ್ದು ನಾನೇ. ಅದಕ್ಕೇ ತಾನೇ ತಮ್ಮ ಕೋಪ? ಅವತ್ತೊಂದು ದಿನ ಮಾತ್ರ, ನಾನು ಬಂದು ಗಡಿಬಿಡಿ ಎಬ್ಬಿಸಿದ್ದರಿಂದ ಹಾಗಾಯಿತು, ಇನ್ನೆಂದೂ ಹಾಗೆ ಮಾಡಿದ್ದೇ ಇಲ್ಲ ಎಂದು ತಾವು ಪ್ರಮಾಣ ಮಾಡಿದಿರಿ.

ನಂಬುತ್ತಿದ್ದೆ. ಆದರೆ ತಮ್ಮ ಬಾಯಿಯೇ ತಮ್ಮ ವಿರುದ್ಧ ಸಾಕ್ಷಿ ನುಡಿದಿದೆ. ಮಧ್ಯಾಹ್ನವಾದರೆ ಬಾಯಿ ಕಹಿ ಎಂದು ಬರೆದಿದ್ದಿರಿ. ಬೆಳಿಗ್ಗೆ ಇಲ್ಲದ ಕಹಿ, ಸಂಜೆ ಇಲ್ಲದ ಕಹಿ, ಭಾನುವಾರ ಅಂಗಡಿಗೆ ರಜ, ಮಧ್ಯಾಹ್ನದ ಚೀಲವೂ ಅಕ್ಕನದೇ ಆದ್ದರಿಂದ ಆ ದಿನ ಪೂರ್ತಿ ಇಲ್ಲದ ಕಹಿ (ಅಕ್ಕನನ್ನು ಕೇಳಿ ತಿಳಿದೆ). ಮುಚ್ಚಳದೊಳಗೆ ಕಂದು ಬಣ್ಣದ ಔಷಧಿಯ ಸ್ಪಂಜು ಇದೆಯಲ್ಲ, ಬಿದ್ದದ್ದನ್ನು ಎತ್ತಿ ನಾನು ನಾಲಿಗೆಗೆ ಮುಟ್ಟಿಸಿ ನೋಡಿದೆ. ವಿಚಾರಣೆಗಾಗಿ ಇಷ್ಟು ತ್ಯಾಗ ಮಾಡಿದ ಗುಮಾಸ್ತ ಬೇರೆ ಸಿಗಲಾರ. ದಾರಿಯುದ್ದಕ್ಕೂ ಉಗುಳುತ್ತಾ ಬಂದೆ.

ಕ್ಲಿನಿಕ್ಕಿನಲ್ಲಿ ಮಾಡಿ ತೋರಿಸುವಾಗ ತಾವು ತಪ್ಪು ಮಾಡುವುದಿಲ್ಲ, ಏಕೆಂದರೆ ಅಲ್ಲಿ ಮೇಜಿದೆ. ಟ್ರಯಲ್ ರೂಮಿನಲ್ಲಿ ಕೊಕ್ಕೆ ಇದೆ, ಕನ್ನಡಿ ಇದೆ, ಮೇಜಿಲ್ಲ. ಕೈ ಎರಡೂ ತುಂಬಿದ್ದರೆ ಟೈಲರಿಗೆ ಮೂರನೆಯ ಕೈ ತುಟಿ. ಇದು ಅಪರಾಧವಲ್ಲ ಭಾವ, ಕಸುಬು.

ನರ್ಸಮ್ಮ ಮನೆಗೆ ಬರುತ್ತಾಳೆ. ಬಾಗಿಲು ತೆಗೆಯಿರಿ. ಅಕ್ಕನಿಗೆ ನಾನೇನೂ ಹೇಳಿಲ್ಲ. ಒಂದೂವರೆ ತಿಂಗಳಿಂದ ನಾಲಿಗೆ ಕಚ್ಚಿಕೊಂಡಿರುವವಳಿಗೆ ಅದನ್ನು ನಾನು ಹೇಳಿದರೆ ಸುದ್ದಿಯಾಗುತ್ತದೆ. ನೀವು ಹೇಳಬೇಕು.

ಮೈದುನ

*

ಮಾರ್ಚ್ 1

ಗುಮಾಸ್ತ,

ನಿನ್ನ ಕಾಗದ ತಲುಪಿತು. ಹರಿದುಹಾಕಿದೆ. ಆಮೇಲೆ ಒಂದು ಸಾಲು ಸರಿಯಾಗಿ ಓದಿರಲಿಲ್ಲವೆಂದು ಚೂರುಗಳನ್ನು ಜೋಡಿಸಿ ಓದಿ, ಮತ್ತೆ ಹರಿದೆ.

ನನ್ನ ಕೈಕೆಳಗೆ ಕಲಿತು ಹೋದವರು ಬೇರೆ ಬೇರೆ ಊರಲ್ಲಿ ಅಂಗಡಿ ಇಟ್ಟಿದ್ದಾರೆ. ಅವರಿಗೆಲ್ಲ ಮೊದಲ ಪಾಠ ಹೇಳಿದವನು ನಾನು: ಬಟ್ಟೆ ಮುಟ್ಟುವ ಮುಂಚೆ ಕೈ ನೋಡಿಕೊ. ನನಗೆ ನೀನು ಸ್ವಚ್ಛತೆ ಕಲಿಸುತ್ತೀಯಾ? ಸ್ನಾನದ ಟವೆಲಿನಲ್ಲೇ ಷೂ ಒರೆಸುವವನು?

ಕಿಡ್ನಿ ಕೆಟ್ಟವರಿಗೆ ಬಾಯಿ ಕಹಿಯಾಗುತ್ತದೆ. ಪುಸ್ತಕದಲ್ಲೇ ಇದೆ.

ಭಾವ

*

ಮಾರ್ಚ್ 12

ಮೈದುನನಿಗೆ,

ನೀನು ಹೇಳಿದ್ದು ನಿಜ. ಮುಂದಿನ ಸಾಲಿಗೆ ಹೋಗುವ ಮುಂಚೆ ಒಂದು ನಿಮಿಷ ಮೆರೆದುಕೊ. ಆಯಿತಾ?

ನರ್ಸಮ್ಮ ಬಂದಳು. ಮೇಜು ಆಚೆ ಸರಿಸಿ, “ಈಗ ಮಾಡಿ ಮಾಸ್ಟ್ರೇ, ನಾನ್ ಇಲ್ಲ ಅಂದ್ಕೊಳಿ” ಅಂದಳು. ಅವಳು ಎದುರಿಗೆ ಕೂತಿರುವಾಗ ಅವಳಿಲ್ಲ ಅಂದುಕೊಳ್ಳುವುದು ಹೇಗೆ? ಬಹಳ ಜಾಗರೂಕತೆಯಿಂದ ಮಾಡಿದೆ. ಮಾಸ್ಕು ಮೂಗಿನ ಮೇಲೇ ಇತ್ತು, ಕೈ ಎಲ್ಲೂ ತಪ್ಪಲಿಲ್ಲ. ಚೀಲ ಬಿಡಿಸುವ ಹೊತ್ತಿಗೆ ಎರಡೂ ಕೈ ತುಂಬಿದವು. ಆಗ ಮಾಸ್ಕಿನೊಳಗೆ ನನ್ನ ತುಟಿ ತಾನಾಗಿ ತೆರೆಯಿತು. ಕೊಡು ಅನ್ನುವ ಹಾಗೆ. ನರ್ಸಮ್ಮನಿಗೆ ಕಾಣಲಿಲ್ಲ, ನಿನ್ನ ಅಕ್ಕನಿಗೂ ಕಾಣಲಿಲ್ಲ. ನನಗೊಬ್ಬನಿಗೆ ಗೊತ್ತಾಯಿತು. ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತೆ.

ನರ್ಸಮ್ಮ ಹೋದ ಮೇಲೆ ನಿನ್ನ ಅಕ್ಕನಿಗೆ ಎಲ್ಲ ಹೇಳಿದೆ. ಮುಚ್ಚಳದ ವಿಷಯ, ನಿಲ್ಲಿಸಬೇಕೆಂದಿದ್ದು, ನಿನಗೆ ಹೇಳಿಕೆ ಬರೆಯಲು ಕೇಳಿದ್ದು. ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈದರೆ ಎದುರು ಮಾತಾಡಬಾರದೆಂದುಕೊಂಡು, ಪೂರ್ತಿ ಕೇಳಿಸಲಿ ಅಂತ ಕಿವಿಯ ಮೆಷಿನ್ ಕೂಡ ಹಾಕಿಕೊಂಡು ಕೂತಿದ್ದೆ. ಅವಳು ಬೈಯಲಿಲ್ಲ. ತನ್ನ ಬೆರಳುಗಳನ್ನು ಬಿಡಿಸಿ ನೋಡಿಕೊಂಡಳು.

“ಎರಡು ತಿಂಗಳಿಂದ ನಾನು ಕೊಂದೆ ಕೊಂದೆ ಅಂದ್ಕೊಂಡು ಕೈ ತೊಳೀತಿದೀನಿ” ಅಂದಳು. ಅಷ್ಟೇ. ಆಮೇಲೆ ಒಗೆದ ಬಟ್ಟೆ ಮಡಿಸಿದಳು. ಮಾರನೇ ದಿನ ಬೆಳಗಿನ ಚೀಲ ಹಾಕಿ ಮುಗಿಸಿ, “ನಾನು ತಮ್ಮನ ಮನೆಗೆ ಹೋಗ್ತೀನಿ. ನರ್ಸಮ್ಮನ ಎದುರು ನಾಲ್ಕು ದಿನ ನಾಲ್ಕೂ ಚೀಲ ನೀವೇ ಹಾಕಿ ತೋರಿಸಿ. ಅವಳು ಸರಿ ಅಂದ ದಿನ ಹೊರಡ್ತೀನಿ” ಅಂದಳು.

“ಎಷ್ಟು ದಿನಕ್ಕೆ?” ಎಂದೆ.

“ಗೊತ್ತಿಲ್ಲ.”

ಮೂವತ್ತೆಂಟು ವರ್ಷದಲ್ಲಿ ಅವಳ ಬಾಯಿಂದ ‘ಗೊತ್ತಿಲ್ಲ’ ಕೇಳಿದ್ದು ಇದೇ ಮೊದಲು.

ಡಾಕ್ಟರನ್ನೂ ಕಂಡು ಬಂದೆ. ಎಷ್ಟು ದಿನ ನಡೆಯುತ್ತೆ ಇದು ಅಂತ ನೇರವಾಗಿ ಕೇಳಿದೆ. ಅವರು ಸುತ್ತಿ ಬಳಸಲಿಲ್ಲ. “ನಿಮ್ಮ ವಯಸ್ಸು ನಿಮ್ಮ ಕಡೆ ಇಲ್ಲ, ಸಕ್ಕರೆ ಕಾಯಿಲೆನೂ ನಿಮ್ಮ ಕಡೆ ಇಲ್ಲ. ಸ್ವಲ್ಪ ಮೂತ್ರ ಇನ್ನೂ ಹೋಗ್ತಿದೆ, ಅದು ನಿಮ್ಮ ಕಡೆ. ಚೆನ್ನಾಗಿ ತಿಂದ್ರೆ, ಸೋಂಕು ಬರದೆ ಇದ್ರೆ ವರ್ಷಗಟ್ಟಲೆ ಹೋಗಬಹುದು. ಕೊನೇವರೆಗೂ ಇದೇ ನಡೆಯುತ್ತೆ ಅಂತ ನಾನು ಹೇಳಲ್ಲ. ಒಂದಿನ ಹೊಟ್ಟೆಯ ಪೊರೆ ಸಾಕು ಅನ್ನುತ್ತೆ, ಆಗ ಮೆಷಿನ್ನು. ಆದ್ರೆ ಮಾಸ್ಟ್ರೇ, ಪೊರೆ ಸಾಕು ಅನ್ನೋಕೆ ಮುಂಚೆ ಮನುಷ್ಯನೇ ಸಾಕು ಅಂದ್ಬಿಟ್ರೆ ನನ್ನತ್ರ ಔಷಧಿ ಇಲ್ಲ” ಅಂದರು.

ನಿನ್ನ ಅಕ್ಕನೂ ಹೋಗುತ್ತಾಳೆ. ಇನ್ನು ಯಾರಿಗಾಗಿ ಈ ಹರಿದ ಅಂಗಿಗೆ ತೇಪೆ? ಹೇಳಿಕೆ ಬರೆದು ಅವಳು ವಾಪಸು ಬರುವ ಮುಂಚೆ ಕಳಿಸು. ಈ ಸಲ ವಾಯಿದೆ ಬೇಡ.

ಭಾವ

*

ಮಾರ್ಚ್ 20

ಭಾವ,

ಅಕ್ಕ ಬಂದಿಳಿದಳು. ಮಧ್ಯಾಹ್ನ ನಾಲ್ಕಕ್ಕೆ “ಸ್ವಲ್ಪ ಒರಗ್ತೀನಿ ಕಣೋ” ಎಂದು ಮಲಗಿದವಳು ಮಾರನೆಯ ದಿನ ಹತ್ತು ಗಂಟೆಗೆ ಎದ್ದಳು. ನಡುವೆ ಮೂರು ಸಲ ಹೋಗಿ ಮೂಗಿನ ಬಳಿ ಕೈ ಹಿಡಿದು ಉಸಿರಿದೆಯೇ ಎಂದು ನೋಡಿ ಬಂದೆ. ಮೂರನೆಯ ಸಲ ಕಣ್ಣು ಮುಚ್ಚಿಕೊಂಡೇ, “ಇದೆ, ಹೋಗು” ಅಂದಳು.

ಬ್ರಹ್ಮಚಾರಿಯ ಮನೆ ನೋಡಿ ಪೊರಕೆ ಎತ್ತಿಕೊಳ್ಳುತ್ತಾಳೆಂದು ಹೆದರಿದ್ದೆ. ಮುಟ್ಟಲಿಲ್ಲ. ಜಗಲಿಯಲ್ಲಿ ಕಾಲು ಚಾಚಿ ಕೂತು, “ಆ ಜೇಡರ ಬಲೆ ಇರ್ಲಿ ಬಿಡು, ಪಾಪ” ಅಂದಳು. ಆಗ ನನಗೆ ನಿಜವಾಗಿ ಗಾಬರಿಯಾಯಿತು. ಎಷ್ಟು ಸುಸ್ತಾಗಿರಬೇಕು ನಮ್ಮಕ್ಕ, ಜೇಡಕ್ಕೆ ಕ್ಷಮೆ ಕೊಡುವಷ್ಟು!

ತಮ್ಮ ಹೇಳಿಕೆಯ ಕರಡನ್ನು ನಾನು ಬರೆದೆ. ಹೌದು, ಬರೆದೆ, ಇಡೀ ಬೆಳಿಗ್ಗೆ ಕೂತು. ಒಳ್ಳೆಯ ಭಾಷೆಯಲ್ಲೇ ಬಂತು. ಅಂಚೆಗೆ ಹಾಕುವ ಮುಂಚೆ ಬಾಧಿತ ಕಕ್ಷಿದಾರರಿಗೆ ಓದಿ ಹೇಳುವುದು ಪದ್ಧತಿ. ಓದಿದೆ. ‘ನನ್ನ ಧರ್ಮಪತ್ನಿಗೆ ನಾನು ಹೊರೆಯಾಗಬಾರದೆಂಬ ಏಕೈಕ ಉದ್ದೇಶದಿಂದ’ ಎಂಬಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದಳು. ಅವಳ ಮಾತನ್ನು ಅವಳು ಆಡಿದಂತೆಯೇ ಬರೆಯುತ್ತೇನೆ, ಒಂದಕ್ಷರ ಕಡಿಮೆ ಇಲ್ಲ, ಜಾಸ್ತಿ ಇಲ್ಲ:

“ನನಗೋಸ್ಕರ ಸಾಯ್ತಾರಂತೆ. ನಾನೇನ್ ಕೇಳಿದ್ದೆ? ಬೇಕಾಗಿದ್ದು ಒಂದ್ ವಾರ ನಿದ್ದೆ. ಕೊಡೋಕೆ ಹೊರಟಿರೋದು ವೈಧವ್ಯ. ಅಳತೆ ಕೇಳ್ದೇನೇ ಹೊಲಿದುಬಿಟ್ರಲ್ಲೋ! ಅದೂ ಟೈಲರು! ಹೊರೆ ಇಳಿಸಬೇಕಂದ್ರೆ ಅವ್ರ ಚೀಲ ಅವ್ರು ಎತ್ಕೊಳ್ಲಿ. ನೋವು ತಡಿಯೋಕಾಗಲ್ಲ, ಇನ್ನು ಬೇಡ ಅಂತ ಅವ್ರಿಗೇ ಅನ್ನಿಸಿದ ದಿನ ನನ್ನ ಮುಖ ನೋಡಿ ಹೇಳ್ಲಿ. ಆಗ ನಾನ್ ಅಡ್ಡ ಬರಲ್ಲ, ಪಕ್ಕದಲ್ಲೇ ಕೂತಿರ್ತೀನಿ. ಆದ್ರೆ ನನ್ನ ಹೆಸರು ಹೇಳ್ಕೊಂಡು ಹೋಗೋದ್ ಬೇಡ.”

ಜೇಡಕ್ಕೆ ಹೆದರಿ ಓಡಿ ಬಂದ ಜಿರಳೆಯೊಂದನ್ನು ಎತ್ತಿಹಾಕಲು ಅವಳು ಆ ಕರಡನ್ನು ಬಳಸಿದಳು. ಹೀಗೆ ಪ್ರಕರಣ ಮುಕ್ತಾಯವಾಯಿತು. ಮೇಲ್ಮನವಿ ಇಲ್ಲ.

ಕೊನೆಯದಾಗಿ ಒಂದು. ಅವಳು ನಿಮ್ಮನ್ನು ಬಿಟ್ಟು ಬಂದಿದ್ದಾಳೆಂದು ತಿಳಿದಿದ್ದೀರಿ. ಇಲ್ಲಿ ನನ್ನ ಗೋಡೆ ಗಡಿಯಾರ ಚೀಲದ ಹೊತ್ತನ್ನು ಹೊಡೆದಾಗಲೆಲ್ಲ ಮಾತು ನಿಲ್ಲಿಸಿ, ಅರ್ಧ ಗಂಟೆ ಬೇರೆಲ್ಲೋ ಇರುತ್ತಾಳೆ. ಆಮೇಲೆ “ಆಗಿರತ್ತೆ” ಎಂದು ಮತ್ತೆ ಮಾತಿಗೆ ಬರುತ್ತಾಳೆ. ಆಗಿರಲಿ ಭಾವ.

ಮೈದುನ

*

ಮಾರ್ಚ್ 29

ಇವಳೇ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಹೇಗೆ ಕರೆಯಬೇಕೆಂದು ಗೊತ್ತಾಗದೆ, ಮನೆಯಲ್ಲಿ ಕರೆಯುವ ಹಾಗೇ ಕರೆದಿದ್ದೇನೆ.

ಹಾಲು ಎರಡು ಸಲ ಉಕ್ಕಿತು, ಒಂದು ಸಲ ಸೀದಿತು. ಅದು ಬಿಟ್ಟರೆ ಕ್ಷೇಮ. ಚೀಲದ ಪೆಟ್ಟಿಗೆಗಳನ್ನು ಪಕ್ಕದ ಬೇಕರಿಯವನು ಒಳಗಿಟ್ಟು ಹೋದ. ನರ್ಸಮ್ಮ ಬಂದು ನೋಡಿ ಹೋಗುತ್ತಾಳೆ. ಟ್ರಯಲ್ ರೂಮಿಗೆ ಮೇಜು ಬಂದಿದೆ, ಗಿರಾಕಿ ತಿರುಗಿದರೆ ಮೊಣಕೈ ತಾಗುತ್ತದೆ, ತಾಗಲಿ. ಆಸ್ಪತ್ರೆಯ ಮಾಸ್ಕಿನ ಮೇಲೆ ಕಟ್ಟಿಕೊಳ್ಳಲು ನಾನೇ ಒಂದು ಹೊಲಿದುಕೊಂಡಿದ್ದೇನೆ. ಗುಂಡಿಗಳೆಲ್ಲ ಕುತ್ತಿಗೆಯ ಹಿಂದೆ. ಗಲ್ಲಕ್ಕೆ ಎಳೆಯಲು ಬರುವುದಿಲ್ಲ, ಬಿಚ್ಚಬೇಕಾದರೆ ಎರಡು ಕೈ ಬೇಕು. ಆ ಹೊತ್ತಿಗೆ ಎರಡು ಕೈ ಎಲ್ಲಿರುತ್ತವೆ? ನರ್ಸಮ್ಮ ನಕ್ಕು ನಕ್ಕು, ಕ್ಲಿನಿಕ್ಕಿನ ಇನ್ನಿಬ್ಬರು ರೋಗಿಗಳಿಗೂ ಹೊಲಿದುಕೊಡಿ ಅಂದಳು. ಅಳತೆ ತೆಗೆದುಕೊಂಡು ಹೊಲಿಯುತ್ತೇನೆ. ನಿನ್ನ ತಮ್ಮ ನಿನ್ನ ಮಾತನ್ನು ಒಂದಕ್ಷರ ಬಿಡದೆ ಬರೆದಿದ್ದ.

ನಿನಗೆ ಒಂದು ವಿಷಯ ಹೇಳಬೇಕು. ನೀನು ಹೋದ ಎರಡನೆಯ ದಿನ ನಾನು ಮಧ್ಯಾಹ್ನದ ಚೀಲ ಹಾಕಿಕೊಳ್ಳಲಿಲ್ಲ. ಸುಮ್ಮನೆ ಕೂತೆ. ಬಯ್ಯುವವರಿಲ್ಲ, ದಣಿಯುವವರಿಲ್ಲ, ಯಾರಿಗೂ ನಾನು ಹೊರೆಯಲ್ಲ. ನಿಲ್ಲಿಸುವುದಾದರೆ ಇದಕ್ಕಿಂತ ಒಳ್ಳೆ ಹೊತ್ತು ಬೇರೆ ಯಾವುದು? ಕೂತೇ ಇದ್ದೆ. ಎದುರು ಮನೆಯವರು ಕೋಟು ಕೇಳಲು ಬಂದರು. ತೋಳು ಒಂದು ಬಾಕಿ ಇತ್ತು. ಎದ್ದು ತೋಳು ಹೊಲಿದೆ. ಆಮೇಲೆ ಗುಂಡಿಯ ಕಾಜಗಳನ್ನೂ ಹೊಲಿದೆ. ಸಂಜೆಯಾದಾಗ ಕೈ ತೊಳೆದು ಚೀಲ ಎತ್ತಿಕೊಂಡೆ. ದೊಡ್ಡ ಧೈರ್ಯವೇನೂ ಬರಲಿಲ್ಲ. ನಾಳೆ ಕಾಲರು ಹಚ್ಚಬೇಕಿತ್ತು, ಅಷ್ಟೇ. ನನಗೆ ಚೀಲದ ಮೇಲೆ ಸಿಟ್ಟಿಲ್ಲವೆಂದು ಆಗ ಗೊತ್ತಾಯಿತು. ತಪ್ಪಿಸಿದ್ದನ್ನು ನರ್ಸಮ್ಮನಿಗೂ ಹೇಳಿ ಬೈಸಿಕೊಂಡಿದ್ದೇನೆ. ನೀನು ಬಾಕಿ ಇದ್ದೀಯ.

ನಿಲ್ಲಿಸುವ ಮಾತನ್ನು ಪೂರ್ತಿ ಬಿಟ್ಟೆ ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಮ್ಮೆ ಅನ್ನಿಸಬಹುದು. ಅನ್ನಿಸಿದರೆ ನಿನ್ನ ಮುಖ ನೋಡಿ ಹೇಳುತ್ತೇನೆ, ನಿನ್ನ ಹೆಸರು ಹೇಳಿಕೊಂಡಲ್ಲ.

ಬೆಳಗಿನ ಚೀಲ ಹಾಕುವಾಗ ನೀನು ಕೂರುತ್ತಿದ್ದ ಮೋಟು ಸ್ಟೂಲಿನ ಮೇಲೆ ಕೂತೆ. ಅಲ್ಲಿಂದ ಗೋಡೆ ಬಿಟ್ಟು ಬೇರೇನೂ ಕಾಣುವುದಿಲ್ಲವಲ್ಲೇ! ಸುಣ್ಣ ಎದ್ದ ಒಂದು ಚಕ್ಕೆ, ಒಂದು ಹಳೇ ಮೊಳೆ. ನನ್ನ ಕಡೆಯಿಂದ ಕಿಟಕಿ ಕಾಣುತ್ತಿತ್ತು, ನಿನಗೂ ಅದೇ ಕಾಣುತ್ತೆ ಅಂದುಕೊಂಡಿದ್ದೆ. ಎರಡು ವರ್ಷ ಈ ಗೋಡೆ ನೋಡಿಕೊಂಡು ಕೂತಿದ್ದೆಯಾ? ಹೇಳಬಾರದಿತ್ತೇ?

ಚೀಲ ನೇತುಹಾಕುವ ಕೊಕ್ಕೆಯನ್ನು ಕಿಟಕಿಯ ಪಕ್ಕಕ್ಕೆ ಬದಲಾಯಿಸಿದ್ದೇನೆ. ಅಲ್ಲಿ ಎರಡು ಕುರ್ಚಿ ಹಾಕಿದ್ದೇನೆ. ಕೆಲಸ ನನ್ನದೇ. ನಿನ್ನ ಕುರ್ಚಿ ಹರಟೆಗೆ.

ಅವಸರ ಪಡಬೇಡ. ನಿಧಾನವಾಗಿ ಬಾ.

ಇಂತು,
ನಾನು

*

ಏಪ್ರಿಲ್ 4

ರೀ,

ಕಾಗದ ಬಂತು. ತಮ್ಮ ಓದಿ ಹೇಳುತ್ತೇನೆ ಅಂದ, ನಾನು ಕೊಡಲಿಲ್ಲ.

ತಪ್ಪಿಸಿದ ಚೀಲಕ್ಕೆ ಬೈಗುಳ ಬಾಕಿ ಇಟ್ಟಿದ್ದೀರಲ್ಲ, ಬಂದ ಮೇಲೆ ಬಡ್ಡಿ ಸೇರಿಸಿ ಕೊಡುತ್ತೇನೆ.

ನಾನು ಈ ಭಾನುವಾರ ಬರಬೇಕೆಂದಿದ್ದೆ. ಬರುವುದಿಲ್ಲ. ಮುಂದಿನ ಭಾನುವಾರ ಬರುತ್ತೇನೆ. ಇಲ್ಲಿ ನಿದ್ದೆ ಚೆನ್ನಾಗಿ ಬರುತ್ತಿದೆ.

ಕುರ್ಚಿ ಹಾಕಿದ್ದು ಸಂತೋಷ. ಆದರೆ ಗಾಳಿ ಬೀಸುವ ಜಾಗದಲ್ಲಿ ಚೀಲ ಜೋಡಿಸಬಾರದೆಂದು ನರ್ಸಮ್ಮ ಮೊದಲ ದಿನವೇ ಹೇಳಿರಲಿಲ್ಲವೇ? ಧೂಳು ಬರುತ್ತದೆ. ಜೋಡಿಸುವಾಗ, ಬಿಡಿಸುವಾಗ ಕಿಟಕಿ ಮುಚ್ಚಿ. ನೀರು ಬಸಿಯುತ್ತಿರುವಾಗ ತೆರೆದಿಡಿ, ಅಷ್ಟು ಹೊತ್ತು ಸಾಕು ನಮಗೆ.

ನಿಮ್ಮ
ಇವಳು